ಬೇಲಿಯಕ್ಕನನ್ನು ಕಾಯುವವರು

ಕೆಲಸ ಕೇಳಿಕೊಂಡು ಬಂದವರು ತಮ್ಮ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿಕೊಳ್ಳುವುದು ವಾಡಿಕೆ. ಈಕೆ ಮಾತ್ರ ನಮ್ಮ ಅಂಗಡಿಯ ಕುಂಟು ಸ್ಟೂಲಿನ ಮೇಲೆ ಕೂತು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನಮ್ಮ ಯಜಮಾನರ ಮುಖವನ್ನೇ ನೋಡುತ್ತಾ, "ಸರ್, ನನ್ನನ್ನ ನಂಬಬೇಡಿ," ಎಂದರು.

ಗಲ್ಲಾದಲ್ಲಿ ಕೂತಿದ್ದ ನನಗೆ ನಗು ಬಂತು. ನಮ್ಮದು ಪೈಪು, ನಲ್ಲಿ, ಸಿಂಕು ಮಾರುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ನಡುವೆ ಒಬ್ಬರು ಹತ್ತುವಾಗ ಇನ್ನೊಬ್ಬರು ಕಾಯಲೇಬೇಕಾದಷ್ಟು ಇಕ್ಕಟ್ಟಾದ ಮೆಟ್ಟಿಲು. ಮಾವನವರು ಕಟ್ಟಿದ ವ್ಯಾಪಾರ, ಅವರು ಹೋದ ಮೇಲೆ ನಮ್ಮವರ ಕೈಗೆ ಬಂದಿತ್ತು. ನಮ್ಮವರ ಲೆಕ್ಕದ ಪದ್ಧತಿ ಬಹಳ ಸರಳ: ಬಲಗಡೆ ಜೇಬಿನಲ್ಲಿರುವುದು ಅಂಗಡಿಯ ಹಣ, ಎಡಗಡೆ ಜೇಬಿನಲ್ಲಿರುವುದು ಮನೆಯದು. ಅಂಗಿ ಒಗೆಯಲು ಹಾಕುವ ಹೊತ್ತಿಗೆ ಎರಡೂ ಒಂದಾಗಿಬಿಡುತ್ತಿದ್ದವು. ತೆರಿಗೆಯವರು ಒಮ್ಮೆ ಬಿಸಿ ಮುಟ್ಟಿಸಿ ಹೋದ ಮೇಲೆಯೇ ಲೆಕ್ಕ ಬರೆಯಲು ಯಾರಾದರೂ ಬೇಕು ಎಂದು ಇವರಿಗೆ ಅನ್ನಿಸಿದ್ದು.

"ನಂಬದೆ ಲೆಕ್ಕ ಹೇಗೆ ಒಪ್ಪಿಸೋದು ಮೇಡಂ?" ನಮ್ಮವರು ಕೇಳಿದರು.

"ಕೆಲಸ ಒಪ್ಪಿಸಿ, ಸಾಕು. ದುಡ್ಡು ತಗೊಳ್ಳೋರು ಬೇರೆ, ಬರೆಯೋರು ಬೇರೆ, ಚೆಕ್ಕಿಗೆ ಸಹಿ ಹಾಕೋರು ಬೇರೆ ಇರಬೇಕು. ತಿಂಗಳಿಗೊಂದು ಸಲ ಎಲ್ಲವನ್ನೂ ತೆಗೆದು ನೋಡೋಕೆ ಈ ಮೂವರೂ ಅಲ್ಲದ ಇನ್ನೊಬ್ಬರು ಬೇಕು."

"ನಮ್ಮದೇನು ಬ್ಯಾಂಕಾ? ಇರೋರೇ ನಾವಿಬ್ಬರು. ಮೂರನೆಯವರು ನೀವು. ನಾಲ್ಕನೆಯವರನ್ನ ಎಲ್ಲಿಂದ ಹಿಡಿದು ತರಲಿ?"

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಒಂದು ದನಿ ಇಳಿದು ಬಂತು. "ಯಾರೇ ಅದು ಬಂದಿರೋದು? ಯಾವ ಕಡೆಯವರು? ಸಂಬಳ ಎಷ್ಟು ಕೇಳ್ತಿದ್ದಾರೆ?"

ನಮ್ಮತ್ತೆ. ಪಕ್ಕದ ಮನೆಗೆ ಪಾರ್ಸೆಲ್ ಬಂದರೆ ಅದರ ಗಾತ್ರ ನೋಡಿಯೇ ಒಳಗೇನಿದೆ ಎಂದು ಹೇಳುವವರು. ಹೇಳಿದ್ದು ಸರಿಯೋ ತಪ್ಪೋ ಎಂದು ತಿಳಿಯಲು ಆ ಮನೆಗೆ ಸಕ್ಕರೆ ಕೇಳುವ ನೆಪದಲ್ಲಿ ಹೋಗುತ್ತಿದ್ದರು. ಅರ್ಧ ತಿಳಿದಿದ್ದರೆ, ಸಕ್ಕರೆ ಹಿಂದಿರುಗಿಸುವ ನೆಪದಲ್ಲಿ ಇನ್ನೊಮ್ಮೆ. ಅವರ ಈ ಗುಣದಿಂದ ಬೀದಿಯಲ್ಲಿ ನಾನು ತಲೆ ಎತ್ತಿಕೊಂಡು ಓಡಾಡುವುದೇ ಕಷ್ಟವಾಗಿತ್ತು.

ಬಂದಾಕೆ ಕತ್ತೆತ್ತಿ ಮೆಟ್ಟಿಲ ಕಡೆ ನೋಡಿದರು. "ಅವರು ಯಾರು?"

"ನಮ್ಮಮ್ಮ. ತಪ್ಪು ತಿಳ್ಕೋಬೇಡಿ, ಎಲ್ಲದಕ್ಕೂ ಮೂಗು ತೂರಿಸೋದು ಅವರ ಅಭ್ಯಾಸ."

"ಓದೋಕೆ ಬರುತ್ತಾ?"

"ಪೇಪರಿನಲ್ಲಿ ಜಾಹೀರಾತನ್ನೂ ಬಿಡಲ್ಲ."

"ಸಿಕ್ಕಿದರಲ್ಲ ಸರ್, ನಾಲ್ಕನೆಯವರು," ಎಂದು ಆಕೆ ಮೊದಲ ಸಲ ನಕ್ಕರು.

ಅಂದು ಊಟಕ್ಕೆ ಕೂತಾಗ ನಮ್ಮವರು ಆಡಿಕೊಂಡಿದ್ದೇ ಆಡಿಕೊಂಡಿದ್ದು. "ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಕೇಳಿದ್ದೀನಿ. ನನಗೊಂದು ಬೇಲಿ ಹಾಕಿ ಅಂತ ಬೇಲಿಯೇ ಬಂದು ಕೇಳಿದ್ದು ಇದೇ ಮೊದಲು!" ಹಾಗೆ ಆಕೆಗೆ ಬೇಲಿಯಕ್ಕ ಎಂಬ ಹೆಸರು ಬಿತ್ತು. ಎದುರಿಗೆ ಮೇಡಂ, ಹಿಂದೆ ಬೇಲಿಯಕ್ಕ. ಕೊನೆಗೆ ಎದುರಿಗೂ ಬೇಲಿಯಕ್ಕ ಎಂದೇ ಆಯಿತು. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ.

ಅತ್ತೆ ಮೊದಲು, "ಲೆಕ್ಕಪಕ್ಕ ನನಗೆಲ್ಲಿ ಬರುತ್ತೆ, ಬಿಡಮ್ಮ," ಎಂದು ಬಿಂಕ ಮಾಡಿದರು. ಬೇಲಿಯಕ್ಕ ಅವರ ಪಕ್ಕ ಕೂತು ಹೇಳಿದರು: "ಅಮ್ಮ, ನಿಮಗೆ ಲೆಕ್ಕ ಬರಬೇಕಾಗಿಲ್ಲ. ಅರ್ಥ ಆಗದೇ ಇರೋದನ್ನೆಲ್ಲ ಕೇಳಬೇಕು. ನಾಚಿಕೆ ಬಿಟ್ಟು ಕೇಳಬೇಕು, ಅಷ್ಟೇ."

ನಾಚಿಕೆ ಬಿಡುವುದನ್ನು ನಮ್ಮತ್ತೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೇಲಿನ ಕೋಣೆಯ ಕಿಟಕಿಯ ಪಕ್ಕ ಒಂದು ಮೇಜು ಬಂತು. ಬ್ಯಾಂಕಿನಿಂದ ಬರುವ ಲಕೋಟೆಯನ್ನು ಅತ್ತೆಯ ಹೊರತು ಯಾರೂ ಒಡೆಯುವಂತಿಲ್ಲ ಎಂದು ಕಟ್ಟಾಜ್ಞೆಯಾಯಿತು. ತಿಂಗಳ ಬಿಲ್ಲುಗಳ ಕಟ್ಟು ಮೇಲೆ ಹೋಗುತ್ತಿತ್ತು. ಅತ್ತೆ ಬ್ಯಾಂಕಿನ ಕಾಗದದ ಒಂದೊಂದು ಸಾಲಿಗೂ ಅದರ ಬಿಲ್ಲು ಹುಡುಕಿ, ಸರಿ ಇದ್ದರೆ ಬಿಲ್ಲಿನ ಮೇಲೆ ನೀಲಿ ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದರು. ಸರಿ ಇಲ್ಲದಿದ್ದರೆ ಮೆಟ್ಟಿಲ ತುದಿಯಲ್ಲಿ ನಿಂತು ಕೂಗುತ್ತಿದ್ದರು. ಗಿರಾಕಿಗಳ ಎದುರಿಗೇ, "ಲೋ, ಈ ಬೂಟಿನಂಗಡಿಗೆ ನಮ್ಮ ಅಂಗಡಿಯಿಂದ ಯಾಕೋ ದುಡ್ಡು ಹೋಗಿದೆ?" ಎಂಬ ಪ್ರಶ್ನೆ ಬಂದಾಗ ನಮ್ಮವರು ತಮ್ಮ ಹೊಸ ಬೂಟುಗಳನ್ನು ಕೌಂಟರಿನ ಕೆಳಗೆ ಎಳೆದುಕೊಂಡರು.

ಇನ್ನೊಂದು ಆಟವೂ ಇತ್ತು. ಮೊದಲ ತಿಂಗಳೇ ಅತ್ತೆ ಕಟ್ಟು ಹಿಡಿದುಕೊಂಡು ಏದುಸಿರು ಬಿಡುತ್ತಾ ಕೆಳಗಿಳಿದು ಬಂದರು. "ಹಡಗಿನ ಲಂಗರು ಒಂದು ಅಂತ ಬಿಲ್ಲಿದೆ! ನಮಗ್ಯಾಕ್ರೋ ಲಂಗರು? ಹಡಗೆಲ್ಲಿದೆ?"

ಬೇಲಿಯಕ್ಕ ಆ ಬಿಲ್ಲನ್ನು ತೆಗೆದುಕೊಂಡು ಹರಿದು ಹಾಕಿದರು. "ನಾನೇ ಬರೆದು ಸೇರಿಸಿದ್ದೆ ಅಮ್ಮ. ನೀವು ಓದ್ತೀರೋ, ಸುಮ್ಮನೆ ಗೀಟು ಎಳೀತೀರೋ ಅಂತ ನನಗೆ ಗೊತ್ತಾಗಬೇಕಲ್ಲ."

ಅಂದಿನಿಂದ ಪ್ರತಿ ತಿಂಗಳ ಕಟ್ಟಿನಲ್ಲೂ ಒಂದು ಸುಳ್ಳು ಬಿಲ್ಲು ಇರುತ್ತಿತ್ತು. ಒಮ್ಮೆ ಒಂಟೆಗೆ ಕನ್ನಡಕ. ಒಮ್ಮೆ ನಮ್ಮ ಮಾವನವರ ಹೆಸರಿಗೆ ಸಂಬಳ. ಬರಬರುತ್ತಾ ಕಷ್ಟದ್ದು: ಅಂಗಡಿ ನಿಜ, ದರ ನಿಜ, ಆದರೆ ಪೈಪು ತಿರುಗಿಸುವ ಎಲ್ಬೋದ ಅಳತೆ ಮಾತ್ರ ಯಾರೂ ತಯಾರಿಸದ್ದು. ಅತ್ತೆ ಅದನ್ನೂ ಹಿಡಿದರು. ಹಿಡಿದ ದಿನ ಅವರ ನಡಿಗೆಯೇ ಬೇರೆ. ಬೀದಿಯವರ ಗೊಡವೆ ಎಷ್ಟೋ ಕಡಿಮೆಯಾಯಿತು, ಪಕ್ಕದ ಮನೆಯಾಕೆ, "ನಿಮ್ಮತ್ತೆಗೆ ಹುಷಾರಿಲ್ವಾ? ಸಕ್ಕರೆಗೆ ಬಂದೇ ಇಲ್ಲ," ಎಂದು ನನ್ನನ್ನು ವಿಚಾರಿಸಿದರು.

ಕುತೂಹಲ ಅಂಟುರೋಗ ಇರಬೇಕು. ಈಗ ಅದು ನನಗೆ ಹತ್ತಿಕೊಂಡಿತ್ತು. ತನ್ನ ಮೇಲೆ ಕಣ್ಣಿಡಿ ಎಂದು ಇಷ್ಟೊಂದು ಪಾಡು ಪಡುವವರು ಎಂಥವರು? ನಾನು ಕೆಲಸದ ನಡುವೆ ಬೇಲಿಯಕ್ಕನನ್ನೇ ನೋಡುತ್ತಾ ಕೂರುತ್ತಿದ್ದೆ. ಮಣಿಕಟ್ಟಿಗೆ ರಬ್ಬರ್ ಬ್ಯಾಂಡುಗಳ ಬಳೆ. ಮಧ್ಯಾಹ್ನದ ಊಟ ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಸಿಂಕಿನ ಪೆಟ್ಟಿಗೆಗಳ ನಡುವೆ ಒಬ್ಬರೇ. ಗಂಡ ಬಣ್ಣ ಬಳಿಯುವ ಕೆಲಸದವರು. ಏಣಿಯಿಂದ ಬಿದ್ದು ಬೆನ್ನು ನೋವಾಗಿ ಮನೆಯಲ್ಲೇ ಇದ್ದಾರೆ ಎಂಬಷ್ಟು ಮಾತ್ರ ಗೊತ್ತು. ಹಿಂದೆ ಎಲ್ಲಿ ಕೆಲಸದಲ್ಲಿದ್ದಿರಿ ಎಂದು ಅತ್ತೆ ಟೀ ಕೊಟ್ಟು ಕೇಳಿದರು, ಬೈದು ಕೇಳಿದರು, ತಮ್ಮ ತಾರುಣ್ಯದ ಕಥೆ ಹೇಳಿ ಆಸೆ ಹುಟ್ಟಿಸಿ ಕೇಳಿದರು. "ಒಂದು ಕಡೆ ಇದ್ದೆ ಅಮ್ಮ. ಬಿಟ್ಟೆ," ಎಂಬುದಷ್ಟೇ ಉತ್ತರ. ಅತ್ತೆ ಸೋತದ್ದು ಅದೊಂದೇ ಕಡೆ.

ನನಗೆ ಸಿಟ್ಟು ಬರಿಸಿದ್ದು ಇನ್ನೊಂದು. ಒಂದು ದಿನ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ, "ಒಂಚೂರು ಗಲ್ಲಾ ನೋಡ್ಕೊಳ್ಳಿ ಅಕ್ಕ," ಎಂದು ಎದ್ದೆ. ಬೇಲಿಯಕ್ಕ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ಬೀಗ ಹಾಕಿ ಹೋಗಿ. ಗಿರಾಕಿ ಕಾಯಲಿ."

"ಹಾಲು ಉಕ್ಕುತ್ತೆ ಅಂದ್ರೆ!"

"ಉಕ್ಕಲಿ. ದುಡ್ಡು ನಾನು ಮುಟ್ಟಲ್ಲ."

ಹಾಲು ಉಕ್ಕಿತು. ಒಲೆ ಉಜ್ಜುತ್ತಾ ನಾನು ಅವರನ್ನು ಬಾಯಿಗೆ ಬಂದಂತೆ ಬೈದೆ. ಇಷ್ಟು ಮಡಿ ಯಾಕೆ ಬೇಕು, ನಾವೇನು ಇವರನ್ನು ಕಳ್ಳಿ ಎಂದೆವೇ ಎಂಬುದು ನನ್ನ ವಾದ.

ಹೀಗೆ ವರ್ಷಗಳು ಕಳೆದವು. ಒಳ್ಳೆಯ ಪದ್ಧತಿಗೆ ದೊಡ್ಡ ಶತ್ರು ಎಂದರೆ ಅದು ಚೆನ್ನಾಗಿ ನಡೆಯುವುದೇ ಎಂದು ನನಗೆ ಈಗ ಅನ್ನಿಸುತ್ತದೆ. ಎಲ್ಲ ಸರಿಯಾಗಿದೆ ಎಂದ ಮೇಲೆ ನಮ್ಮವರಿಗೆ ಸಡಿಲವಾಯಿತು. ಸರಕು ತರಲು ಹೊರಗೆ ಹೋಗುವಾಗ ಖಾಲಿ ಚೆಕ್ಕುಗಳಿಗೆ ಸಹಿ ಹಾಕಿ ಬೇಲಿಯಕ್ಕನ ಮೇಜಿನ ಮೇಲೆ ಇಟ್ಟು ಹೋಗತೊಡಗಿದರು.

"ಸರ್, ಹೀಗೆ ಮಾಡಬೇಡಿ," ಎಂದು ಬೇಲಿಯಕ್ಕ ಬೇಡಿಕೊಂಡರು.

"ಇಷ್ಟು ವರ್ಷ ಆಯ್ತು. ನಿಮ್ಮನ್ನ ನಂಬದೆ ಇನ್ಯಾರನ್ನ ನಂಬಲಿ ಬೇಲಿಯಕ್ಕ?" ನಮ್ಮವರು ಹೊಗಳಿಕೆ ಎಂದೇ ಹೇಳಿದ್ದು. ಬೇಲಿಯಕ್ಕನ ಮುಖ ಬೈಸಿಕೊಂಡವರಂತೆ ಬಾಡಿತು.

ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಡಾಕ್ಟರು ಆಪರೇಷನ್ ಮಾಡಿಸಿ ಎಂದಿದ್ದರು. ಅತ್ತೆಯ ಅಕ್ಕ ಹಿಂದೆ ಹಾಗೆ ಮಾಡಿಸಿಕೊಳ್ಳಲು ಹೋಗಿ ಇದ್ದ ದೃಷ್ಟಿಯನ್ನೂ ಕಳೆದುಕೊಂಡಿದ್ದರಂತೆ. ಆ ಹೆದರಿಕೆಯನ್ನು ಅತ್ತೆ ಎಂದೂ ಹೆದರಿಕೆ ಎಂದು ಒಪ್ಪಿಕೊಳ್ಳಲಿಲ್ಲ. "ಕತ್ತಿ ಹಾಕೋಕೆ ನನ್ನ ಕಣ್ಣೇನು ಈರುಳ್ಳಿನಾ? ಎಲ್ಲಾ ನಿಚ್ಚಳವಾಗಿ ಕಾಣುತ್ತೆ, ಹೋಗ್ರೋ," ಎಂದು ಗದರುತ್ತಿದ್ದರು. ಬಿಲ್ಲಿನ ಕಟ್ಟು ನೀಲಿ ಗೀಟು ಹೊತ್ತು ಮೊದಲಿಗಿಂತ ಬೇಗ ಕೆಳಗೆ ಬರುತ್ತಿತ್ತು. ಅಮ್ಮ ಪಳಗಿದ್ದಾರೆ ಎಂದು ನಮ್ಮವರು ಹಿಗ್ಗಿದರು. ನನಗೂ ಅದು ಸರಿ ಎನಿಸಿತ್ತು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ನಾವಿಬ್ಬರೇ. ನಮ್ಮವರು ಸರಕಿಗೆ ಹೋಗಿದ್ದರು. ಬೇಲಿಯಕ್ಕ ಎದ್ದು ಬಂದು ಗಲ್ಲಾದ ಮೇಲೆ ಒಂದು ಬಿಲ್ಲು ಇಟ್ಟರು. ಹಡಗಿನ ಲಂಗರು, ಎರಡು. ಪಕ್ಕದಲ್ಲಿ ಅತ್ತೆಯ ನೀಲಿ ಗೀಟು.

ನಾನು ಜೋರಾಗಿ ನಕ್ಕೆ. ಅವರು ನಗಲಿಲ್ಲ.

"ಹೋದ ತಿಂಗಳೂ ಹೀಗೇ ಆಯ್ತು. ಅದರ ಹಿಂದೆಯೂ. ಮೊದಲು ಮರೆತಿರಬೇಕು ಅಂದ್ಕೊಂಡೆ. ಆಮೇಲೆ ಸುಲಭದ್ದು ಹಾಕಿ ನೋಡಿದೆ. ಇದಕ್ಕಿಂತ ಸುಲಭದ್ದು ಬರೆಯೋಕೆ ನನಗೆ ಬರಲ್ಲ. ಅಮ್ಮನಿಗೆ ಕಣ್ಣು ಕಾಣ್ತಾ ಇಲ್ಲ."

"ಅಯ್ಯೋ, ಹಾಗಾದ್ರೆ ಹೇಗಾದ್ರೂ ಆಪರೇಷನ್ನಿಗೆ ಒಪ್ಪಿಸಬೇಕು..."

"ಬೇಗ ಒಪ್ಪಿಸಿ. ನಾನು ಇನ್ನೆಷ್ಟು ದಿನ ಅಂತ ತಡ್ಕೊಳ್ಳಲಿ?"

ನನಗೆ ತಲೆಬುಡ ಅರ್ಥವಾಗಲಿಲ್ಲ. ಬೇಲಿಯಕ್ಕ ಬಿಲ್ಲಿನ ಪಕ್ಕ ಒಂದು ಚೆಕ್ಕು ಇಟ್ಟರು. ಕೆಳಗೆ ನಮ್ಮವರ ಸಹಿ. ಹೆಸರು ಬರೆಯುವ ಜಾಗದಲ್ಲಿ ಒಂದೇ ಒಂದು ಅಕ್ಷರ. ಬೇಲಿಯಕ್ಕನ ಹೆಸರಿನ ಮೊದಲ ಅಕ್ಷರ.

"ನಮ್ಮನೆಯವರ ಬೆನ್ನಿಗೆ ಆಪರೇಷನ್ ಆಗಬೇಕು. ಇಲ್ಲದಿದ್ರೆ ಕಾಲು ಸ್ವಾಧೀನ ತಪ್ಪುತ್ತೆ ಅಂದಿದ್ದಾರೆ. ಈ ಚೆಕ್ಕು ನನ್ನ ಮೇಜಿನ ಮೇಲೇ ಇದೆ, ಸಹಿ ಹಾಕಿದ್ದೂ ಆಗಿದೆ, ಬರೆಯೋಳು ನಾನೇ. ನೋಡೋರು ಯಾರೂ ಇಲ್ಲ ಅನ್ನೋದು ನನಗೊಬ್ಬಳಿಗೇ ಗೊತ್ತು. ಬೆಳಿಗ್ಗೆ ಪೆನ್ನು ತಗೊಂಡು ಕೂತೆ. ಒಂದಕ್ಷರ ಬರೆದೆ. ಇದನ್ನ ನನ್ನಿಂದ ತಗೊಂಡುಬಿಡಿ."

ಅತ್ತೆ ಅಷ್ಟು ಕಷ್ಟಪಟ್ಟರೂ ಬಿಚ್ಚದ ಬಾಯಿ ಅಂದು ತಾನಾಗಿಯೇ ಬಿಚ್ಚಿಕೊಂಡಿತು. ಹಿಂದೆ ಅವರಿದ್ದದ್ದು ಒಂದು ಸಣ್ಣ ಮುದ್ರಣಾಲಯದಲ್ಲಿ. ಅಲ್ಲಿನ ಯಜಮಾನರು ಮಗಳಂತೆ ನೋಡಿಕೊಂಡರು. ಬೀಗದ ಕೈ, ಚೆಕ್ಕು, ಲೆಕ್ಕದ ಪುಸ್ತಕ ಎಲ್ಲವೂ ಇವರ ಕೈಯಲ್ಲಿ. "ಒಂದು ಸಲ ತಗೊಂಡೆ. ಮುಂದಿನ ತಿಂಗಳು ಇಟ್ಟುಬಿಡೋಣ ಅಂತ. ಯಾರೂ ಕೇಳಲಿಲ್ಲ. ಇದೇನು ಅಂತ ಯಾರಾದ್ರೂ ಒಬ್ಬರು ಕೇಳಿದ್ರೆ ಅವತ್ತೇ ನಿಲ್ತಿತ್ತು. ಕೇಳಲಿಲ್ಲ, ಇನ್ನೊಂದು ಸಲ ತಗೊಂಡೆ. ಕೊನೆಗೆ ತಡೆಯೋಕಾಗದೆ ನಾನೇ ಹೋಗಿ ಹೇಳಿದೆ. ಮನೆ ಮಾರಿ ತೀರಿಸಿದ್ವಿ. ಅವರು ದೂರು ಕೊಡಲಿಲ್ಲ, ಬೈಯಲೂ ಇಲ್ಲ. ಎಲ್ಲಾ ತೀರಿದೆ, ಒಂದು ಸಲ ನೋಡಿ ಹೇಳಿ ಅಂತ ಕಾಗದ ಮುಂದಿಟ್ಟರೆ, ನೋಡೋಕೆ ಮನಸ್ಸಿಲ್ಲ, ಹೋಗಮ್ಮ ಅಂತ ಮುಖ ತಿರುಗಿಸಿದ್ರು."

ನನಗೆ ಸಿಟ್ಟು ಬರಬೇಕಿತ್ತೇನೋ. ಬಂದದ್ದು ಸಂಕಟ. "ನಮ್ಮನ್ನ ಕೇಳಿದ್ರೆ ಕೊಡ್ತಿರಲಿಲ್ವಾ ಅಕ್ಕ?"

"ಕೇಳೋದು ಕಷ್ಟ. ತಗೊಳ್ಳೋದು ಸುಲಭ. ಅದಕ್ಕೇ ಅಲ್ವಾ ನಾನು ಇಷ್ಟೆಲ್ಲಾ ಬೇಲಿ ಹಾಕಿಸಿಕೊಂಡಿದ್ದು?"

ಚೆಕ್ಕನ್ನು ಗಲ್ಲಾದೊಳಗಿಟ್ಟು ಬೀಗ ಹಾಕಿದೆ. ನಮ್ಮವರು ಬಂದ ಮೇಲೆ ಮೇಲಿನ ಕೋಣೆಯಲ್ಲಿ, ಅತ್ತೆಯ ಎದುರಿಗೇ, ಎಲ್ಲವನ್ನೂ ಹೇಳಿದೆ. ನಮ್ಮವರು ಕೆಂಡಾಮಂಡಲವಾದರು.

"ಒಂದು ಕಡೆ ಕದ್ದು ಬಂದಿದ್ದಾಳೆ, ಇಲ್ಲೂ ಕೈ ಹಾಕೋ ಮನಸ್ಸು ಬಂತು ಅಂತ ತಾನೇ ಹೇಳಿದ್ದಾಳೆ. ಇನ್ನೂ ಇಟ್ಕೋಬೇಕಾ? ನಾಳೆಯಿಂದ ಬರೋದೇ ಬೇಡ."

"ಖಾಲಿ ಚೆಕ್ಕಿಗೆ ಸಹಿ ಹಾಕಿದ್ದು ಯಾರೋ?" ಅತ್ತೆ ಕೇಳಿದರು.

ನಮ್ಮವರು ಕಿಟಕಿಯ ಕಡೆ ತಿರುಗಿದರು.

"ಕಾಣದೇ ಇದ್ರೂ ಗೀಟು ಎಳೆದು ಕಳಿಸಿದ್ದು ಯಾರು? ನಾನು. ನನಗೆ ಕಾಣಲ್ಲ ಅಂತ ನಾನು ನಿನಗೆ ಹೇಳಿದ್ನಾ? ಈ ಕೆಲಸ ಕೈ ಬಿಟ್ಟು ಹೋಗುತ್ತೆ ಅಂತ ಮುಚ್ಚಿಟ್ಟೆ. ಇಲ್ಲಿ ತನ್ನ ಹುಳುಕು ತಾನೇ ಹೇಳಿಕೊಂಡೋಳು ಅವಳೊಬ್ಬಳೇ. ಕಳಿಸೋದಾದ್ರೆ ನಮ್ಮಿಬ್ಬರನ್ನ ಮೊದಲು ಕಳಿಸು." ಅತ್ತೆ ಮೇಜಿನ ಅಂಚನ್ನು ತಡವಿ ಹಿಡಿದುಕೊಂಡರು. "ನಾಳೆ ನನ್ನನ್ನ ಕಣ್ಣಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗು."

ಮಗ, ಸೊಸೆ, ಡಾಕ್ಟರು ಯಾರು ಹೇಳಿದರೂ ಒಪ್ಪದವರು! ಇವರ ಹಟ ಹೀಗೆ ಮುರಿದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಬೇಲಿಯಕ್ಕನ ಗಂಡನ ಚಿಕಿತ್ಸೆಗೆ ಅಂಗಡಿಯಿಂದಲೇ ಸಾಲ ಕೊಟ್ಟೆವು, ತಿಂಗಳ ಸಂಬಳದಲ್ಲಿ ಹಿಡಿದುಕೊಳ್ಳುವಂತೆ. ಅದನ್ನು ಬರೆಯಲು ಬೇಲಿಯಕ್ಕ ಪೆನ್ನು ತೆಗೆದಾಗ ಅತ್ತೆ, "ನಿನ್ನ ಸಾಲ ನೀನೇ ಬರ್ಕೊಳ್ಳೋದಾ? ಚೆನ್ನಾಗಿದೆ ನ್ಯಾಯ! ಕೊಡು ನನ್ನ ಸೊಸೆ ಕೈಗೆ," ಎಂದರು. ಬೇಲಿಯಕ್ಕ ಪೆನ್ನನ್ನು ನನಗೆ ಕೊಟ್ಟಾಗ ಅವರ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ಬೇರೆ ಯಾವ ಸಾಲಗಾರರ ಮುಖದಲ್ಲೂ ಕಂಡಿಲ್ಲ. ನಮ್ಮವರು ಮಾತ್ರ ಬಹಳ ದಿನ ಅವರೊಂದಿಗೆ ಬಿಗಿಯಾಗಿಯೇ ಇದ್ದರು. ಖಾಲಿ ಚೆಕ್ಕಿಗೆ ಸಹಿ ಹಾಕುವುದು ನಿಂತಿತು.

ಅತ್ತೆಯ ಆಪರೇಷನ್ ಆದ ದಿನ ಬೇಲಿಯಕ್ಕ ಆಸ್ಪತ್ರೆಯ ಬೆಂಚಿನ ಮೇಲೆ ಬೆಳಗಿನಿಂದ ಕೂತಿದ್ದರು, ಒಳಗಿರುವುದು ತನ್ನದೇ ಕಣ್ಣು ಎನ್ನುವ ಹಾಗೆ. ಎಲ್ಲ ಸುಸೂತ್ರವಾಯಿತು. ಹೊಸ ಕನ್ನಡಕ ಬಂದ ದಿನ ಅತ್ತೆ ಮೊದಲು ನನ್ನನ್ನೇ ನೋಡಿ, "ಅಯ್ಯೋ, ನಿನಗೆ ಇಷ್ಟೊಂದು ನರೆ ಬಂದಿತ್ತೇನೇ?" ಎಂದು ಮರುಗಿದರು. ಆಮೇಲೆ ಕೇಳಿದ್ದು ಬಿಲ್ಲುಗಳನ್ನು. ಈ ತಿಂಗಳದ್ದಲ್ಲ, ಕಣ್ಣು ಕಾಣದೆ ಗೀಟು ಎಳೆದಿದ್ದ ಅಷ್ಟೂ ತಿಂಗಳುಗಳದ್ದು.

ದಿನವಿಡೀ ಕಿಟಕಿಯ ಪಕ್ಕ ಕೂತು ಓದಿದರು. ಬೇಲಿಯಕ್ಕನನ್ನು ಮೇಲೆ ಕರೆಸಿ ಎದುರಿಗೆ ನಿಲ್ಲಿಸಿಕೊಂಡರು. ಕರುಣೆ ಎಂಬುದು ಲವಲೇಶವೂ ಇಲ್ಲ. "ಈ ಅಂಗಡಿಗೆ ಎರಡು ಸಲ ಯಾಕೆ ಹೋಗಿದೆ? ಈ ಚೆಕ್ಕು ವಾಪಸು ಬಂದಿದ್ದಕ್ಕೆ ಕಾಗದ ಎಲ್ಲಿ? ಇದ್ಯಾರು, ಈ ಹೆಸರು ನಾನು ಕೇಳೇ ಇಲ್ಲ?"

ನೋಡಲಾರದೆ ನಮ್ಮವರೇ, "ಸಾಕು ಬಿಡಮ್ಮ, ಪಾಪ," ಎಂದರು.

"ಬಿಡಬೇಡಿ ಅಮ್ಮ," ಎಂದರು ಬೇಲಿಯಕ್ಕ. "ಕೇಳಿ."

ಒಂದೊಂದಕ್ಕೂ ಉತ್ತರ ಹೇಳಿದರು, ಕಾಗದ ತೋರಿಸಿದರು. ಕೊನೆಯ ಕಟ್ಟೂ ಮುಗಿಯಿತು. ಅತ್ತೆ ಪೆನ್ಸಿಲ್ ಕೆಳಗಿಟ್ಟು ಬೇಲಿಯಕ್ಕನ ಮುಖವನ್ನು ನೆಟ್ಟ ದೃಷ್ಟಿಯಿಂದ ನೋಡಿದರು.

"ಎಲ್ಲಾ ನೋಡಿದೆ ಕಣಮ್ಮ. ಸರಿಯಾಗಿದೆ. ಒಂದು ಕಾಸೂ ಆಚೀಚೆ ಆಗಿಲ್ಲ."

ಬೇಲಿಯಕ್ಕನಿಗೆ ಅದು ಗೊತ್ತಿಲ್ಲದ ವಿಷಯವೇನಲ್ಲ, ಬರೆದವರೇ ಅವರು. ಆದರೂ ಮೇಜಿನ ಮೇಲೆ ಹರಡಿದ್ದ ಬಿಲ್ಲುಗಳ ಮೇಲೆ ತಲೆಯಿಟ್ಟು, ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತರು. ಹಿಂದಿನದೆಲ್ಲ ತಿಳಿದೂ, ಪೂರ್ತಿ ನೋಡಿ ಸರಿಯಾಗಿದೆ ಎಂದು ಈವರೆಗೆ ಅವರಿಗೆ ಯಾರೂ ಹೇಳಿರಲಿಲ್ಲ.

"ಅಳೋದಾದ್ರೆ ಆ ಕಡೆ ತಿರುಗಿ ಅಳು," ಎಂದರು ಅತ್ತೆ, ಅವರ ಬೆನ್ನ ಮೇಲೆ ಕೈಯಿಟ್ಟು. "ಕಾಗದ ಒದ್ದೆ ಆಗುತ್ತೆ."